ಅಳುವ ರಾಕ್ಷಸ, ಹಸಿದ ಹುಳುಗಳು

ಗೆಳೆಯರೇ, ಇವತ್ತು ಮಗಳ ಹತ್ತಿರ ಪಂಥ ಕಟ್ಟಿ ಸೋತೆ.

"ಡೆತ್ ಮೆಟಲ್ ಅಂದ್ರೆ ಗಂಟಲು ಕಿತ್ಕೊಂಡು ಕೂಗೋದು ತಾನೆ? ಒಂದು ಹಾಡೂ ಪೂರ್ತಿ ಕೇಳಕ್ಕಾಗಲ್ಲ" ಎಂದು ಬೆಳಿಗ್ಗೆ ಜಂಬ ಕೊಚ್ಚಿದ್ದೆ.

"ಇದು ಪ್ರೋಗ್ರೆಸಿವ್ ಕಣಪ್ಪ, ಎಲ್ಲಿ ತಿರುಗುತ್ತೋ ಗೊತ್ತಾಗಲ್ಲ. ನೀನು ಪೂರ್ತಿ ಆಲ್ಬಮ್ ಕೇಳಿಬಿಟ್ರೆ ಈ ವಾರ ರೇಷ್ಮೆಹುಳದ ತಟ್ಟೆ ಕ್ಲೀನ್ ಮಾಡೋದು ನೀನೇ" ಎಂದಳು.

ಹುಳುಗಳಿಗೆ ಸದ್ದು ಆಗದೆಂದು ಇಯರ್‌ಫೋನ್ ಹಾಕಿಕೊಂಡು ಸೊಪ್ಪು ಕತ್ತರಿಸಲು ಕೂತೆ. ಮೊದಲ ಗರ್ಜನೆಗೇ ಕತ್ತಿ ಕೈಜಾರಿತು. ಇಯರ್‌ಫೋನ್ ಕಿತ್ತೆಸೆಯಬೇಕು ಅನ್ನುವಷ್ಟರಲ್ಲಿ ಡ್ರಮ್ ನಿಂತು, ಗಿಟಾರೊಂದು ಮೆಲ್ಲಗೆ ಶುರುವಾಯಿತು. ಗರ್ಜನೆ ಮತ್ತೆ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ಹಾಡಿನ ಮೇಲೆ ಹಾಡು ಬಂತು. ಒಂದೂ ನಾನಂದುಕೊಂಡ ದಾರಿ ಹಿಡಿಯಲಿಲ್ಲ. ಕತ್ತಿ ನೆಲದಲ್ಲೇ ಉಳಿಯಿತು.

ಹೆಂಡತಿ ಬಂದು ಇಯರ್‌ಫೋನ್ ಎಳೆದಳು. "ಏನ್ರೀ, ಹುಳ ಹಸ್ಕೊಂಡು ತಲೆ ಎತ್ಕೊಂಡವೆ, ಸೊಪ್ಪೆಲ್ಲಿ?"

"ಇರೇ, ರಾಕ್ಷಸ ಅಳ್ತಾವ್ನೆ!"

"ಪರವಾಗಿಲ್ವೇ! ನಿಮ್ಮ ಕತೇಲಿ ರಾಕ್ಷಸ ಬರೀ ಕೂಗ್ತಾನೆ. ಅಳೋದೇನಿದ್ರೂ ಕೇಳೋಕೆ ಕೂತ ನಾವೇ."

ಹುತ್ತೂರಿನ ಸುತ್ತಮುತ್ತ ರಾಕ್ಷಸನ ಕತೆ ಹೇಳಿಯೇ ಹೆಸರು ಮಾಡಿದವನು ನಾನು. ಕತ್ತಿ ಎತ್ತಿಕೊಂಡು ಸೊಪ್ಪು ಕತ್ತರಿಸುತ್ತಲೇ ಉಳಿದ ಹಾಡುಗಳನ್ನೂ ಕೇಳಿ ಮುಗಿಸಿದೆ.

ಈಗ ತಟ್ಟೆಗಳ ಹಿಕ್ಕೆ ತೆಗೆಯುತ್ತಾ ಆಲ್ಬಮನ್ನು ಮತ್ತೆ ಮೊದಲಿಂದ ಕೇಳುತ್ತಿದ್ದೇನೆ. ನಾನು ಶಿಕ್ಷೆ ಅನುಭವಿಸುತ್ತಿದ್ದೇನೆಂದು ಮಗಳು ನಂಬಿದ್ದಾಳೆ. ಜೊತೆಗೆ ಮುಂದಿನ ಕತೆಗೆಂದು ರಾಕ್ಷಸನಂತೆ ಅಳುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಹೆಂಡತಿ ಈಗಷ್ಟೇ ಬಾಗಿಲಲ್ಲಿ ಇಣುಕಿ, "ಹೊಟ್ಟೆ ನೋವೇನ್ರೀ?" ಎಂದು ಕೇಳಿ ಹೋದಳು.