ಹುಟ್ಟಿದ ವರ್ಷ ಬಲಗಡೆ

“ಮೇಡಂ, ನಮ್ ಅಬ್ಬಾ ಹುಟ್ಟೋಕ್ ಮುಂಚೆನೇ ತೀರ್ಕೊಂಡ್ರಾ?”

ಆರ್.ಟಿ. ನಗರದ ನನ್ನ ಡಿಟಿಪಿ ಅಂಗಡಿಗೆ ಬಂದಿದ್ದ ಯುವಕ ಪರದೆ ತೋರಿಸಿ ಕೇಳಿದ. ಅವನ ತಂದೆಯ ಗೋರಿಯ ಕಲ್ಲಿಗೆ ಕನ್ನಡದಲ್ಲೊಂದು, ಉರ್ದುವಿನಲ್ಲೊಂದು ಸಾಲು ಜೋಡಿಸಿದ್ದೆ. ಉರ್ದು ಸಾಲಿನಲ್ಲಿ, ಇಂಗ್ಲಿಷ್ ಅಂಕಿಗಳಲ್ಲೇ, ಹುಟ್ಟಿದ ವರ್ಷ ಬಲಕ್ಕಿತ್ತು, ತೀರಿಕೊಂಡ ವರ್ಷ ಎಡಕ್ಕೆ. ಅದು ಸರಿಯಾಗಿಯೇ ಇತ್ತು. ಉರ್ದುವನ್ನು ಓದುವುದೇ ಬಲದಿಂದ.

“ನಂಗೆ ಉರ್ದು ಮಾತಾಡೋಕಷ್ಟೇ ಬರೋದು, ಓದೋಕ್ ಬರಲ್ಲ. ಆ ಸಾಲು ತೆಗ್ದುಬಿಡಿ” ಎಂದ.

ತೆಗೆಯಲಿಲ್ಲ. ಕುರ್ಚಿ ಎಳೆದು ಕೊಟ್ಟು, ತಂದೆಯ ಹೆಸರಿನ ಬಲತುದಿ ತೋರಿಸಿ ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಅವನ ಬೆರಳು ಎಡಕ್ಕೆ ಸರಿಯುತ್ತ ಹೋಯಿತು. ಕೊನೆಗೆ ಆ ಹೆಸರನ್ನು, ಒಳಮನೆಯಲ್ಲಿದ್ದವರನ್ನು ಕರೆದಂತೆ ಗಟ್ಟಿಯಾಗಿ ಓದಿದ.

ಓದಲು ಬಾರದ ಸಾಲು ಕಲ್ಲಿಗೆ ಯಾಕೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಅವರಿಗೂ ಕುರ್ಚಿ ಎಳೆದು ಕೊಟ್ಟು, ಬಲತುದಿ ತೋರಿಸುತ್ತೇನೆ.