ಯೋಹಾನ ಮೇಷ್ಟ್ರ ಅವಸರ

ಸತ್ಯವೇದ ಓದುವಾಗ ‘ಹೋಗು’ ಎಂಬ ಮಾತು ಬಂದರೆ ಯೋಹಾನ ಮೇಷ್ಟ್ರು ಅಲ್ಲಿಗೇ ಪುಸ್ತಕ ಮುಚ್ಚಿಸಿ ಚಪ್ಪಲಿ ಹುಡುಕುತ್ತಿದ್ದರು. “ಹೋಗು ಅಂದ್ಮೇಲೂ ಕೂತ್ಕಂಡು ಓದ್ತಾರೇನ್ರೋ? ಏಳ್ರಿ, ಏಳ್ರಿ!”

ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯ ಅವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ಕೆಲವರು ಸೇರುತ್ತಿದ್ದೆವು. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಓದು ಯಾವ ವಚನಕ್ಕೆ ನಿಂತಿತೆಂದು ಡೈರಿಯಲ್ಲಿ ಗುರುತಿಸುತ್ತಿದ್ದೆ. ಮುಗಿದ ಅಧ್ಯಾಯಗಳಿಗಿಂತ ಮುಗಿಯದವೇ ಹೆಚ್ಚು.

“ಯೋನನ ಪುಸ್ತಕದಲ್ಲಿ ಎರಡನೇ ವಚನಕ್ಕೇ ಎದ್ಬಿಟ್ರಲ್ಲ ಮೇಷ್ಟ್ರೇ, ಅವನ್ನ ನುಂಗೋ ಮೀನು ಇನ್ನೂ ಬಂದೇ ಇಲ್ಲ” ಎಂದು ನರ್ಸ್ ಗ್ರೇಸಮ್ಮ ಗೊಣಗುತ್ತಿದ್ದಳು.

“ಮೀನು ಕಾಯುತ್ತೆ ಕಣಮ್ಮ, ಬಸ್ ಕಾಯಲ್ಲ.”

ಸುವಾರ್ತೆಯ ಪುಟ್ಟ ಪುಸ್ತಕಗಳ ಚೀಲ ಹೆಗಲಿಗೇರಿಸಿ ಕಡೂರು, ಬೀರೂರು, ಕೆಮ್ಮಣ್ಣುಗುಂಡಿ ಎಂದು ಹೊರಟುಬಿಡುತ್ತಿದ್ದರು. ಪಂಚನಹಳ್ಳಿಯಲ್ಲಿ ತೆಂಗಿಗೆ ನೀರು ಕಟ್ಟುತ್ತಿದ್ದ ರೈತನೊಬ್ಬ, “ಯೇಸುನ ಆಮೇಲೆ ಹೇಳಿ, ಮೊದ್ಲು ಈ ಪೈಪ್ ಹಿಡ್ಕಳಿ” ಎಂದ. ಮೇಷ್ಟ್ರು ಪೈಪು ಹಿಡಿದೇ ಸಂಜೆಯವರೆಗೆ ಮಾತಾಡಿದರು. “ಮೋಟ್ರು ನಿಂತ್ರೂ ಈ ಮೇಷ್ಟ್ರು ನಿಲ್ಲಲ್ಲಪ್ಪ” ಎಂದು ಅವನು ಜೊತೆಗೆ ಹೋಗಿದ್ದ ನನಗೆ ಕೈಮುಗಿದ.

ಒಂದು ಭಾನುವಾರ ನಾನು ಮಾರ್ಕನ ಸುವಾರ್ತೆ ಓದುತ್ತಿದ್ದೆ. ದೆವ್ವ ಬಿಟ್ಟುಹೋದ ಮನುಷ್ಯ ತಾನೂ ದೋಣಿ ಹತ್ತುತ್ತೇನೆಂದು ಯೇಸುವನ್ನು ಬೇಡುತ್ತಾನೆ. ಯೇಸು ಒಪ್ಪದೆ, ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎನ್ನುತ್ತಾನೆ. ನಾನು ಅಭ್ಯಾಸದಂತೆ ಪುಸ್ತಕ ಮುಚ್ಚಿದೆ. ಮೇಷ್ಟ್ರು ಏಳಲಿಲ್ಲ.

“ಯಾಕ್ ಮೇಷ್ಟ್ರೇ, ಕಾಲು ನೋವಾ?” ಗ್ರೇಸಮ್ಮ ಕೇಳಿದಳು.

ಅವರು ಚಾಪೆಯ ಅಂಚು ಕೀಳತೊಡಗಿದರು. “ಅಜ್ಜಂಪುರದಲ್ಲಿ ನಮ್ಮಕ್ಕ ಇದ್ದಾಳೆ” ಎಂದರು. ತಾಯಿ ಸತ್ತ ಮೇಲೆ ಸಾಕಿದವಳು. ದೀಕ್ಷಾಸ್ನಾನ ಪಡೆದು ಮನೆಗೆ ಹೋದ ದಿನ ಅವಳು ಇವರ ಊಟದ ಎಲೆಯನ್ನು ಹೊರಗೆ ಜಗಲಿಯ ಮೇಲೆ ಹಾಕಿದಳು. ಇವರು ಎಲೆ ಬಿಟ್ಟು ಎದ್ದು ಬಂದವರು ಇಪ್ಪತ್ತು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. “ಊರೋರಿಗೆಲ್ಲ ಹೇಳ್ದೆ. ಅವಳೊಬ್ಬಳಿಗೆ ಹೇಳದೇನೇ ನಾನು ಸತ್ರೆ, ಕಳಿಸ್ದೋನಿಗೆ ಏನಂತ ಉತ್ತರ ಕೊಡ್ಲಿ?”

ಮರುದಿನವೇ ಹೊರಟರು. “ನೀನೂ ಬಾರಪ್ಪ. ಒಬ್ನೇ ಆದ್ರೆ ಬೀರೂರಿಂದ್ಲೇ ವಾಪಸ್ ಬಂದ್ಬಿಡ್ತೀನಿ.” ರೈಲಿನಲ್ಲಿ ಏನೇನು ಹೇಳಬೇಕೆಂದು ತುಟಿ ಅಲ್ಲಾಡಿಸುತ್ತ ನಾಲ್ಕು ಸಲ ಜಾಗ ಬದಲಿಸಿದರು.

ಜಗಲಿಯ ಮೇಲೆ ಅಕ್ಕಿ ಹರಡಿಕೊಂಡು ಕೂತಿದ್ದ ಮುದುಕಿ ಕತ್ತೆತ್ತಿದಳು. ತಮ್ಮನನ್ನು ಹಳೆಯ ಹೆಸರಿನಿಂದಲೇ ಕರೆದಳು.

“ಏನೋ ರುದ್ರ, ನಂಗೆ ಬುದ್ಧಿ ಹೇಳಕ್ ಬಂದ್ಯೋ, ಉಣ್ಣಕ್ ಬಂದ್ಯೋ?”

ಮೇಷ್ಟ್ರು ಚಪ್ಪಲಿ ಬಿಟ್ಟರು. “ಉಣ್ಣಕ್ಕೆ” ಎಂದರು.

“ಹಂಗಾದ್ರೆ ಒಳಕ್ಕೆ ನಡಿ. ಇಲ್ಲಿ ಜಾಗ ಇಲ್ಲ.”

ಅಂದು ನಾನೊಬ್ಬನೇ ತರೀಕೆರೆಗೆ ಮರಳಿದೆ. ತಿಂಗಳಾದರೂ ಮೇಷ್ಟ್ರು ಬರಲಿಲ್ಲವೆಂದು ನೋಡಲು ಹೋದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಅಲ್ಲಿಯೇ ತೀರಿಕೊಂಡರು. ನಾನು ಹೋದಾಗ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಲೆಯ ಮುಂದೆ ಅಕ್ಕ, ಯಾರದೋ ಮದುವೆಗೆ ಇವರು ಬಾರದೆ ತಾನು ಪಟ್ಟ ಅವಮಾನ ಹೇಳುತ್ತಿದ್ದಳು.

“ಸುವಾರ್ತೆ ಹೇಳಿದ್ರಾ ಸಾರ್?” ಎಂದು ಮೆಲ್ಲಗೆ ಕೇಳಿದೆ.

“ಎಲ್ಲಪ್ಪ ಹೇಳೋದು? ಇಪ್ಪತ್ತು ವರ್ಷದ್ದು ಅವಳ್ದೇ ಮುಗ್ದಿಲ್ಲ.”

“ಲೇ ರುದ್ರ, ಕೇಳಿಸ್ಕಂಡ್ಯೇನೋ?” ಒಳಗಿನಿಂದ ಗದರಿದಳು.

ಮೇಷ್ಟ್ರು ಥಟ್ಟನೆ ಅತ್ತ ತಿರುಗಿದರು. “ಕೇಳ್ತಾ ಇದೀನಿ ಕಣಕ್ಕ. ಆಮೇಲೆ?”