ಒಳಗೆ ಹಾಕಿ ಎಂದು ಗೋಗರೆದ ದರ್ಜಿ

ಹೆಡ್ ಕಾನ್ಸ್‌ಟೇಬಲ್ ಅಕ್ಕನ ಕೈಕೋಳಕ್ಕೆ ತುಕ್ಕು ಹಿಡಿದಿದೆ ಎಂದು ಠಾಣೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಸಣ್ಣಪುಟ್ಟ ತಪ್ಪಿಗೆ ಯಾರನ್ನಾದರೂ ಹಿಡಿದು ತಂದರೆ ಅಕ್ಕ ಎದುರಿಗೆ ಕೂರಿಸಿಕೊಂಡು ಎರಡೇ ಪ್ರಶ್ನೆ ಕೇಳುತ್ತಾರೆ: ಬಿಟ್ಟರೆ ಓಡಿಹೋಗುತ್ತೀಯಾ? ಮತ್ತೆ ಇದನ್ನೇ ಮಾಡುತ್ತೀಯಾ? ಇಲ್ಲ ಎಂಬ ಉತ್ತರ ನಂಬುವಂತಿದ್ದರೆ ಚೆನ್ನಾಗಿ ಬೈದು ಮನೆಗೆ ಕಳಿಸುತ್ತಾರೆ. ಬಂಧಿಸುವ ಅಧಿಕಾರವಿದೆ ಎಂದ ಮಾತ್ರಕ್ಕೆ ಬಂಧಿಸಲೇಬೇಕೆಂದಿಲ್ಲ ಎಂಬುದು ಅವರ ವಾದ.

ಒಂದು ಮಧ್ಯಾಹ್ನ ಠಾಣೆಯ ಕಿಟಕಿಯ ಗಾಜು ಫಳ್ಳನೆ ಒಡೆಯಿತು. ಹೊರಗೆ ಎದುರು ಬೀದಿಯ ದರ್ಜಿ, ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಇನ್ನೊಂದು ಕಲ್ಲು. ಓಡುವ ಬದಲು ತಾನೇ ಒಳಗೆ ಬಂದು ಬೆಂಚಿನ ಮೇಲೆ ಕುಳಿತ.

ಅಕ್ಕ ಕೇಳಿದರು: “ಬಿಟ್ರೆ ಓಡಿಹೋಗ್ತೀಯೇನೋ?”

“ಖಂಡಿತ ಓಡಿಹೋಗ್ತೀನಿ ಅಕ್ಕಾ.”

“ಮತ್ತೆ ಕಲ್ಲು ಹೊಡೀತೀಯಾ?”

“ಇನ್ನೂ ಮೂರು ಕಿಟಕಿ ಇದಾವಲ್ಲ! ನಾಳೆ ಸಂಜೆವರೆಗೆ ಒಳಗೆ ಹಾಕಿಬಿಡಿ, ನಿಮ್ಮ ದಮ್ಮಯ್ಯ.”

ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಸತ್ಯವಂತ ಅವರಿಗೆ ಸಿಕ್ಕಿರಲಿಲ್ಲ. “ನಾಳೆ ಏನಿದೆ?”

ದರ್ಜಿಯ ಮುಖ ಹುಳ್ಳಗಾಯಿತು. ನಾಳೆ ಬೆಳಿಗ್ಗೆ ಪಕ್ಕದ ಬೀದಿಯ ಹುಡುಗಿಯ ಮದುವೆ. ಅವಳ ರವಿಕೆಯ ಎರಡೂ ಉದ್ದ ತೋಳುಗಳನ್ನು ಎಡಗೈಗೇ ಕತ್ತರಿಸಿಬಿಟ್ಟಿದ್ದ. ಬಟ್ಟೆಯ ಹೊಳಪು ಒಂದೇ ಮಗ್ಗುಲಿಗೆ, ತಿರುಗಿಸಿ ಹೊಲಿಯುವಂತಿಲ್ಲ. ಅದೇ ಬಟ್ಟೆ ಅಂಗಡಿಯಲ್ಲೂ ಮುಗಿದಿತ್ತು.

“ಅವಳಮ್ಮ ನನ್ನ ಚರ್ಮ ಸುಲೀತಾರೆ ಅಕ್ಕಾ. ಜೈಲೇ ವಾಸಿ.”

“ನೀನಿಲ್ಲಿ ಕಾಲು ಚಾಚಿ ಮಲ್ಕೋ, ಆ ಮಗು ಒಂದು ಕೈ ಬಚ್ಚಿಟ್ಕೊಂಡು ಮದುವೆ ಆಗ್ಲಿ, ಅಲ್ವಾ? ಅರೆಸ್ಟು ಗಿರೆಸ್ಟು ಏನಿಲ್ಲ. ಗಾಜು ಆಮೇಲೆ ಹಾಕಿಸ್ಕೊಡು. ಈಗ ನಡಿ!”

ಅವನ ಅಂಗಡಿಯಿಂದ ಎತ್ತಿಕೊಂಡ ರವಿಕೆ, ತೋಳುಗಳ ಸಮೇತ ಅವನನ್ನು ರಟ್ಟೆ ಹಿಡಿದು ಹುಡುಗಿಯ ಮನೆಗೆ ಕರೆದೊಯ್ದರು. ಸದ್ಯ, ತಾಯಿ ಹೊರಗೆ ಹೋಗಿದ್ದರು. ಹುಡುಗಿ ತೋಳುಗಳನ್ನು ಹಿಡಿದು ನೋಡಿದಳು. ಅತ್ತಿತ್ತ ಕಣ್ಣಾಡಿಸಿ ಪಿಸುಗುಟ್ಟಿದಳು.

“ಮಾಮಾ, ಉದ್ದ ತೋಳು ಅಮ್ಮಂದು ಹಟ. ನಂಗೆ ಬೇಕಿದ್ದಿದ್ದು ಗಿಡ್ಡದು. ಎರಡೂ ಗಿಡ್ಡ ಮಾಡಿದ್ರೆ ಇಷ್ಟುದ್ದ ಬಟ್ಟೇಲಿ ಬಲಗೈಗೊಂದು ತೋಳು ಬರಲ್ವಾ?”

ದರ್ಜಿ ಕೊರಳಿನ ಅಳತೆಪಟ್ಟಿ ಎಳೆದು ಅಳೆದು ನೋಡಿದ, ಬರುತ್ತಿತ್ತು. ಹೆದರಿಕೆಯಲ್ಲಿ ಅವನಿಗೆ ಇದು ಹೊಳೆದೇ ಇರಲಿಲ್ಲ.

ಸಂಜೆ ಅವನು ರವಿಕೆ ತಂದಾಗ ಅಕ್ಕನೂ ಜೊತೆಗಿದ್ದರು, ನಡುದಾರಿಯಲ್ಲಿ ಮನಸ್ಸು ಬದಲಾಯಿಸದಿರಲಿ ಎಂದು. ತಾಯಿ ರವಿಕೆ ಬಿಡಿಸಿ ನೋಡಿ ಕಿರುಚಿದರು:

“ತೋಳು ಎಲ್ರೀ? ಇವನನ್ನ ಮೊದ್ಲು ಒಳಗೆ ಹಾಕಿ!”

“ತೋಳು ಗಿಡ್ಡ ಮಾಡಿದ್ದಕ್ಕೆ ಕಾನೂನಲ್ಲಿ ಸೆಕ್ಷನ್ ಇಲ್ಲಮ್ಮಾ,” ಎಂದರು ಅಕ್ಕ, ಮುಖ ಗಂಭೀರ ಮಾಡಿಕೊಂಡು.

ತಾಯಿಯ ಕೂಗಾಟ ಮುಗಿಯುವಷ್ಟರಲ್ಲಿ ಮದುಮಗಳು ರವಿಕೆ ಕಸಿದುಕೊಂಡು ಒಳಗೆ ಓಡಿ ತೊಟ್ಟು ಬಂದು, ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿ ತಿರುಗುತ್ತಿದ್ದಳು.